ಎಣ್ಣೆಯ ಜಾಡು

ನನ್ನ ಎಡಗೈಯ ತೋರುಬೆರಳು ಪೂರ್ತಿ ಮಡಿಯುವುದಿಲ್ಲ. ಚನ್ನಪಟ್ಟಣದ ನಮ್ಮ ಬೀದಿಯವರು ಇದು ವಾಯುವಿನ ಬಾಧೆಯೆಂದು ಬಗೆದು ಬಗೆಬಗೆಯ ತೈಲಗಳನ್ನು ಸೂಚಿಸಿದ್ದಾರೆ. ಬೆರಳು ಹೀಗಾದದ್ದೇ ತೈಲದಿಂದ ಎಂದರೆ ನಗುತ್ತಾರೆ.

ಬಿಡದಿಯಲ್ಲಿ ಅನಿಲದಿಂದ ನಡೆಯುವ ವಿದ್ಯುತ್ ಕೇಂದ್ರ ಬರುವುದೆಂದು ನಮ್ಮ ಕಡೆಯವರು ವರ್ಷಗಟ್ಟಲೆ ಕಾದರು. ಬಂದದ್ದು ಕಸದಿಂದ ವಿದ್ಯುತ್ ಮಾಡುವ ಕೇಂದ್ರ. ನಾನಂತೂ ಅನ್ನ ಹುಡುಕಿಕೊಂಡು ಹೋಗಿ, ಹೊರರಾಜ್ಯದ ಅನಿಲ ಟರ್ಬೈನೊಂದರ ಪಕ್ಕದಲ್ಲಿ ಇಪ್ಪತ್ತು ವರ್ಷ ಕಳೆದವನು. ಆ ಯಂತ್ರಕ್ಕೆ ಬೇಕಾದಷ್ಟೇ ಇಂಧನ ಬಿಡುವ ಕವಾಟವೊಂದುಂಟು. ಅದನ್ನು ತೆರೆಯುವುದು ಮನುಷ್ಯನ ಕೈಯಲ್ಲ. ಆಕ್ಚುಯೇಟರ್ ಎಂಬ ಸಿಲಿಂಡರಿನೊಳಗೆ ಒತ್ತುವ ಎಣ್ಣೆ. ಒತ್ತಡ 100 ಬಾರಿಗೂ ಮೇಲು, ಎಂದರೆ ಕಾರಿನ ಚಕ್ರದಲ್ಲಿರುವ ಗಾಳಿಯ ಸುಮಾರು 50 ಪಟ್ಟು! ಈ ಒತ್ತಡ ತಪ್ಪಿದರೆ ಸ್ಪ್ರಿಂಗು ಕವಾಟವನ್ನು ಮುಚ್ಚಿಬಿಡುತ್ತದೆ, ಯಂತ್ರ ನಿಲ್ಲುತ್ತದೆ. ಸೋರಿದ ಎಣ್ಣೆ ಕಾದ ಕವಚದ ಮೇಲೆ ಬಿದ್ದು ಹೊತ್ತಿಕೊಂಡರೆ ಅದು ಬೇರೆಯೇ ಕಥೆ.

ಒಂದು ಮಳೆಗಾಲ ಕವಾಟದ ಬುಡದಲ್ಲಿ ಜಿಡ್ಡು ಕಂಡಿತು. ಪಿಸ್ಟನ್ ದಂಡದ ಸೀಲು ಹೋಗಿದೆಯೆಂದು ನಾನು ದೊಡ್ಡ ವೈದ್ಯನಂತೆ ತೀರ್ಪಿತ್ತೆ. ಯಂತ್ರ ನಿಲ್ಲಿಸಿ ಸೀಲು ಬದಲಾಯಿಸಿದ್ದಾಯಿತು. ಮೂರನೆಯ ದಿನ ಮತ್ತೆ ಜಿಡ್ಡು.

ನಮ್ಮ ಫೋರ್‌ಮನ್ ಮಾಗಡಿ ಕಡೆಯವರು. "ಸಾರ್, ಹೆಂಚು ಒಡೆದಿರೋದು ಒಂದು ಕಡೆ, ನೀರು ತೊಟ್ಟಿಕ್ಕೋದು ಇನ್ನೊಂದು ಕಡೆ" ಎಂದು, ಎಲ್ಲವನ್ನೂ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಟಾರ್ಚು ಹಿಡಿದು ಕುಳಿತರು. ಪುಡಿ ಎಲ್ಲಿ ಮೊದಲು ಕಪ್ಪಾಗುವುದೋ ಅದು ಮೂಲಕ್ಕೆ ಹತ್ತಿರ. ಅಷ್ಟು ಹೊತ್ತು ಕಾಯುವ ತಾಳ್ಮೆ ನನಗೆಲ್ಲಿಯದು? ಮೇಲಿನ ಕೊಳವೆಯ ಹಿಂದೆ ಕೈಯಾಡಿಸಿದೆ. ಇರುವೆ ಕಚ್ಚಿದಂತಾಯಿತು. ರಕ್ತವಿಲ್ಲ, ನೋವಿಲ್ಲ, ಬೆರಳ ತುದಿಯಲ್ಲಿ ಒಂದು ಚುಕ್ಕೆ. ಮುಲಾಮು ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಿದ್ದೆ, ಫೋರ್‌ಮನ್ನರು ಬಿಡಲಿಲ್ಲ. ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ಎಣ್ಣೆ ಚರ್ಮದಡಿ ನುಗ್ಗಿ ಅಂಗೈವರೆಗೆ ಹರಡಿತ್ತು. ಶಸ್ತ್ರವೈದ್ಯರು ಆ ರಾತ್ರಿಯೇ ಬೆರಳನ್ನು ಉದ್ದಕ್ಕೆ ಸೀಳಿ ತೊಳೆದರು. ಬೆಳಗಿನವರೆಗೆ ಬಿಟ್ಟಿದ್ದರೆ ಕತ್ತರಿಸಬೇಕಾಗುತ್ತಿತ್ತೆಂದು ಆಮೇಲೆ ಹೇಳಿದರು.

ಆ ಕೊಳವೆ ತನ್ನ ಹಿಡಿಕೆಗೆ ಉಜ್ಜಿ ಉಜ್ಜಿ ಸವೆದು ಸೂಜಿಮೊನೆಯಷ್ಟು ತೂತಾಗಿತ್ತು. ಎಣ್ಣೆ ಶಾಖದ ಹೊದಿಕೆಯೊಳಗೇ ಇಳಿದು ಬುಡದಲ್ಲಿ ಮುಖ ತೋರಿಸಿತ್ತು. ನಾನು ಬದಲಾಯಿಸಿದ ಸೀಲಿಗೆ ಏನೂ ಆಗಿರಲಿಲ್ಲ.

ಮೊನ್ನೆ ಕನಕಪುರದ ಕಲ್ಲುಗಣಿಯಿಂದ ಸೋದರಳಿಯ ಫೋನು ಮಾಡಿದ. ಅಲ್ಲಿ ಅವನದೊಂದು ಅಗೆಯುವ ಯಂತ್ರವಿದೆ. "ಮಾವ, ಮಿಷನ್ನು ಎಣ್ಣೆ ಕಾರ್ತಾ ಇದೆ. ಕೈಯಾಡಿಸಿ ನೋಡ್ತಾ ಇದೀನಿ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

"ಕೈ ತೆಗಿಯೋ!" ಎಂದು ನಾನು ಕಿರಿಚಿದ್ದಕ್ಕೆ ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನಾಕೆ ಮೊರ ಕೆಡವಿದಳು. ಮೊದಲು ಎಂಜಿನ್ ಆರಿಸಲು ಹೇಳಿ, ಅವನ ಬೆರಳುಗಳಲ್ಲಿ ಚುಕ್ಕೆ ಇಲ್ಲವೆಂದು ಎರಡು ಸಲ ಕೇಳಿ ತಿಳಿದೆ. ಆಮೇಲೆ, ರಟ್ಟೊಂದನ್ನು ಉದ್ದ ಕೋಲಿಗೆ ಕಟ್ಟಿ, ಕನ್ನಡಕ ಹಾಕಿಕೊಂಡು ದೂರ ನಿಂತು, ಯಂತ್ರ ನಡೆಯುವಾಗ ಕೊಳವೆಗಳ ಬಳಿ ಹಿಡಿಯಲು ಹೇಳಿದೆ. ಗಣಿಯಲ್ಲಿ ರಟ್ಟೆಲ್ಲಿ? ಯಾರದೋ ಮದುವೆಯ ಮೈಸೂರುಪಾಕಿನ ಡಬ್ಬಿ ಸಿಕ್ಕಿತಂತೆ.

ಸಂಜೆ ಫೋಟೋ ಕಳಿಸಿದ. ಡಬ್ಬಿಯ ಮುಚ್ಚಳದ ಮೇಲೆ, ವಧೂವರರ ಹೆಸರಿನ ನಡುವೆ, ಕಾಸಿನಗಲ ಎಣ್ಣೆಯ ಕಲೆ. ಸೋರುತ್ತಿದ್ದುದು ಅವನು ಅನುಮಾನಿಸಿದ ಸಿಲಿಂಡರಲ್ಲ, ಅದರ ಹಿಂದಿನ ರಬ್ಬರ್ ಕೊಳವೆ. ಹೊಸದನ್ನು ತರಲು ನಾಳೆ ರಾಮನಗರಕ್ಕೆ ಹೋಗುತ್ತಾನಂತೆ. ಮುಚ್ಚಳವನ್ನು ಮಾತ್ರ ಬಿಸಾಡಬೇಡವೆಂದಿದ್ದೇನೆ.