ಗಾಳಿಯೆಷ್ಟು, ಎಣ್ಣೆಯೆಷ್ಟು?

ನಮ್ಮ ಮನೆಯಲ್ಲಿ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಇದೆ. ನಮ್ಮ ತಂದೆಯವರು 1982ರಲ್ಲಿ ಕೊಂಡದ್ದು. ಉದಕಮಂಡಲದ ಮಂಜಿನಲ್ಲಿಯೂ ಮಳೆಯಲ್ಲಿಯೂ ನೆನೆದು, ನೀಲಗಿರಿಯ ಏರಿಳಿತಗಳನ್ನೆಲ್ಲ ಸವೆಸಿ, ಅದು ಈಗ ಮನೆಯ ಹಿರಿಯರಲ್ಲಿ ಒಬ್ಬರಂತಾಗಿದೆ. ಹಿರಿಯರ ಗುಣಗಾನ ಮಾಡುವುದು ಈ ಬರೆಹದ ಉದ್ದೇಶವಲ್ಲ. ಆ ಕಾರಿಗೆ ಒಂದು ಮಾಪಕವನ್ನು ಆರಿಸಹೋಗಿ ನಾವು ಪಟ್ಟ ಪಾಡನ್ನೂ ಪಡೆದ ಬುದ್ಧಿಯನ್ನೂ ವಾಚಕರ ಮುಂದಿಡಬೇಕೆಂದಷ್ಟೇ ಆಸೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸುವುದು ಲೇಸು. ಪೆಟ್ರೋಲು ತಾನಾಗಿ ಉರಿಯದು. ಗಾಳಿಯೊಡನೆ ಬೆರೆತು ಉರಿಯಬೇಕು. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಮೆಯಾದರೆ ಮೇಸ್ತ್ರಿಗಳು 'ರಿಚ್' ಎನ್ನುತ್ತಾರೆ. ಹೆಚ್ಚಾದರೆ 'ಲೀನ್' ಎನ್ನುತ್ತಾರೆ. ನಾವು ಕನ್ನಡ ಮೇಷ್ಟರಾಗಿದ್ದವರಾದ್ದರಿಂದ ಇವಕ್ಕೆ ಸಿರಿಮಿಶ್ರಣ, ಬಡಮಿಶ್ರಣ ಎಂದು ಹೆಸರಿಟ್ಟುಕೊಂಡಿದ್ದೇವೆ. ಸಮನೆಲದಲ್ಲಿ ನಿರಾಯಾಸವಾಗಿ ಓಡುವಾಗ 14.7ರ ಆಸುಪಾಸು ಸಾಕು. ಘಟ್ಟ ಹತ್ತುವಾಗ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, 12.5ರಿಂದ 13ರ ತನಕದ ಸಿರಿಮಿಶ್ರಣ ಬೇಕು. ಆಗ ಶಕ್ತಿಯೂ ಚೆನ್ನಾಗಿ ಬರುತ್ತದೆ, ಹೆಚ್ಚಿನ ಪೆಟ್ರೋಲು ಒಳಗಿನ ಬೇಗೆಯನ್ನೂ ತಗ್ಗಿಸುತ್ತದೆ.

ನಮ್ಮ ಊರಿಗೆ ಇನ್ನೊಂದು ತೊಡಕುಂಟು. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಕಡಲ ತೀರದ ಗಾಳಿಯ ಐದರಲ್ಲಿ ನಾಲ್ಕು ಪಾಲು ಮಾತ್ರ. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು. ತನ್ನೊಳಗೆ ಹರಿಯುವ ಗಾಳಿಯ ರಭಸವನ್ನು ನಂಬಿ ಅದು ಪೆಟ್ರೋಲನ್ನು ಸುರಿಯುತ್ತದೆಯೇ ಹೊರತು ಗಾಳಿಯ ತೂಕವನ್ನು ಎಣಿಸುವುದಿಲ್ಲ. ಹಾಗಾಗಿ ಮೇಟ್ಟುಪಾಳಯದಲ್ಲಿ ಸರಿಯಾಗಿದ್ದ ಮಿಶ್ರಣ ಇಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಸಿರಿಯಾಗುತ್ತದೆ. ಇಲ್ಲಿ ಸರಿಪಡಿಸಿದ್ದು ಕೆಳಗೆ ಅಷ್ಟೇ ಬಡವಾಗುತ್ತದೆ.

ಈ ಲೆಕ್ಕವನ್ನೆಲ್ಲ ಯಾವ ಪುಸ್ತಕವೂ ಇಲ್ಲದೆ ಬಲ್ಲವರು ನಮ್ಮ ಮೇಸ್ತ್ರಿಗಳು. ಅವರು ನಮ್ಮನ್ನು ಮೇಷ್ಟ್ರೆ ಎನ್ನುತ್ತಾರೆ, ನಾವು ಅವರನ್ನು ಮೇಸ್ತ್ರಿಗಳೆ ಎನ್ನುತ್ತೇವೆ. ದೂರದಿಂದ ಕೇಳಿದವರಿಗೆ ಇಬ್ಬರೂ ಒಬ್ಬರನ್ನೇ ಕರೆಯುತ್ತಿರುವಂತೆ ತೋರುತ್ತದೆ. ತಂದೆಯವರ ಕಾಲದಿಂದಲೂ ಕಾರು ಅವರ ಕೈಯಲ್ಲಿಯೇ ಬೆಳೆಯಿತು. ಘಟ್ಟ ಹತ್ತಿಸಿ, ಎಂಜಿನನ್ನು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಮಸಿ ಕಟ್ಟಿದ್ದರೆ ಸಿರಿ, ಬೂದಿಯಂತೆ ಬೆಳ್ಳಗಿದ್ದರೆ ಬಡವು, ಹಾಲು ಬೆರೆತ ಚಹದ ಬಣ್ಣವಿದ್ದರೆ ಸರಿ. 2000ನೆಯ ಇಸವಿಯ ವೇಳೆಗೆ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದ ಮೇಲೆ ಆ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮೂಡುತ್ತಿಲ್ಲವೆಂದು ಅವರೇ ಹೇಳುತ್ತಿದ್ದರು. ಜೊತೆಗೆ ಅವರ ಕಣ್ಣೂ ಮಂಜಾಗತೊಡಗಿತ್ತು. ಪ್ಲಗ್ಗನ್ನು ಬಾಗಿಲ ಬಳಿಗೆ ಒಯ್ದು, ಎರಡೆರಡು ಸಲ ತಿರುಗಿಸಿ ನೋಡುವುದನ್ನು ನಾವು ಗಮನಿಸಿದ್ದೆವು.

2023ರ ಬೇಸಿಗೆಯಲ್ಲಿ ನಮಗೆ ಉಳಿತಾಯದ ಹುಚ್ಚು ಹತ್ತಿತು. ಕಾರು ಕುಡಿಯುವ ಪೆಟ್ರೋಲು ಪಿಂಚಣಿಗೆ ಮೀರಿದ್ದು. ಯಾರೋ ಹೇಳಿದರೆಂದು ಅಂಚೆಯ ಮೂಲಕ ಒಂದು ಅಗ್ಗದ ಮಾಪಕವನ್ನು ತರಿಸಿದೆವು. ದುಂಡನೆಯ ಮುಖ, ಅಂಚಿನಲ್ಲಿ ಸಾಲುದೀಪಗಳು. ಬಡಮಿಶ್ರಣಕ್ಕೆ ಕೆಂಪು, ನಡುವೆ ಹಸುರು, ಸಿರಿಗೆ ಹಳದಿ. ಹೊಗೆಕೊಳವೆಗೆ ಒಂದು ಆಮ್ಲಜನಕ ಸಂವೇದಕವನ್ನು ತಿರುಚಿ ಕೂರಿಸಿದ್ದಾಯಿತು. ದೀಪಗಳು ಹೊತ್ತಿದ ದಿನ ನಮಗಾದ ಸಂಭ್ರಮವನ್ನು ಹೇಳತೀರದು.

ಪೂರ್ತಿ ಒತ್ತಿ ಏರು ಹತ್ತಿದಾಗ ದೀಪ ಹಳದಿಯಲ್ಲಿಯೇ ನಿಂತಿತು. ಮೇಸ್ತ್ರಿಗಳಿಗೆ ತೋರಿಸಿ, ಸಣ್ಣ ಜೆಟ್ಟು ಹಾಕಿರೆಂದೆವು.

"ಬೇಡಿ ಮೇಷ್ಟ್ರೆ. ಏರಿನಲ್ಲಿ ಅದು ಹಾಗೇ ಇರಬೇಕು. ಪೆಟ್ರೋಲು ವಾಲ್ವಿಗಿಂತ ಅಗ್ಗ" ಎಂದರು.

"ನಿಮ್ಮ ಕಣ್ಣಿಗಿಂತ ಇದರ ಕಣ್ಣು ಚುರುಕು, ಮೇಸ್ತ್ರಿಗಳೆ" ಎಂದೆವು ನಾವು.

ಅವರು ಮರುಮಾತಾಡಲಿಲ್ಲ. ಜೆಟ್ಟನ್ನು ಬದಲಾಯಿಸಿ, ಕೈ ಒರಸಿಕೊಂಡು ಒಳಗೆ ಹೋದರು. ಉದಕಮಂಡಲದ ರಸ್ತೆಯಲ್ಲಿ ದೀಪ ಹಸುರಾಯಿತು. ನಮ್ಮ ನಾಲಗೆ ಎಂತಹ ಕೆಲಸ ಮಾಡಿತೆಂಬುದು ಆಗ ಹೊಳೆಯಲಿಲ್ಲ.

ಒಂದು ತಿಂಗಳಾಗಿರಬೇಕು. ನಮ್ಮ ಅಕ್ಕನಿಗೆ ಕೊಯಮತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ, ಮರುದಿನ ಊರಿಗೆ ಹೊರಟೆವು. ಬಯಲಿನಲ್ಲಿ ದೀಪ ಕೆಂಪಿಗೆ ಇಳಿಯಿತು. ಕಲ್ಲಾರು ದಾಟಿ ಘಟ್ಟದ ಏರು ಮೊದಲಾದರೂ ಅದು ಕೆಂಪಿನಲ್ಲಿಯೇ ಇತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತಿದ್ದ ಅಕ್ಕ, "ಏನೋ ಅದು ಕೆಂಪು ದೀಪ? ಏನೋ ಹೇಳ್ತಿರಬೇಕು, ನೋಡೋ" ಎಂದಳು.

"ಪೆಟ್ರೋಲು ಉಳೀತಿದೆ ಅಂತ ಹೇಳ್ತಿದೆ, ಸುಮ್ಮನಿರಕ್ಕ" ಎಂದೆವು.

ಬರ್ಲಿಯಾರಿನ ಮೇಲಕ್ಕೆ ಬರುವಷ್ಟರಲ್ಲಿ ಎಂಜಿನು ಕುಂಟತೊಡಗಿತು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಉಸಿರು ಬಿಟ್ಟಿತ್ತು. ಕತ್ತಲೆ ಕವಿಯುತ್ತಿತ್ತು; ಮಂಜು ಇಳಿಯುತ್ತಿತ್ತು. ಅಕ್ಕ ಶಾಲು ಹೊದ್ದು, ಪಟ್ಟಿ ಕಟ್ಟಿದ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಮೂರು ಗಂಟೆಯ ಕಾಲ ಒಂದು ಮಾತೂ ಆಡದೆ ಕುಳಿತಿದ್ದಳು. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ನಮ್ಮನ್ನು ಮೇಲಕ್ಕೆ ಎಳೆದುಕೊಂಡು ಹೋಗಲು ಜೀಪಿನಲ್ಲಿ ಬಂದವರು ಮೇಸ್ತ್ರಿಗಳೇ.

ಮರುವಾರ ಎಂಜಿನಿನ ತಲೆ ಬಿಚ್ಚಿದರು. ಹೊಗೆ ಹೊರಹೋಗುವ ವಾಲ್ವಿನ ಅಂಚು ಅರ್ಧಚಂದ್ರಾಕಾರವಾಗಿ ಕರಗಿ ಹೋಗಿತ್ತು. ಮೇಸ್ತ್ರಿಗಳು ಅದನ್ನು ನಮ್ಮ ಕೈಯಲ್ಲಿ ಇಟ್ಟರು; ಏನೂ ಹೇಳಲಿಲ್ಲ.

ಆ ಬಳಿಕ ನಾವು ಮಾಪಕಗಳ ವಿಷಯವನ್ನು ವಿದ್ಯಾರ್ಥಿಯಂತೆ ಓದಿದೆವು. ನಾವು ಕೊಂಡದ್ದು ಕಿರುವ್ಯಾಪ್ತಿಯ ಸಂವೇದಕ. 1976ರಲ್ಲಿ ಬಾಷ್ ಸಂಸ್ಥೆಯವರು ಕಾರುಗಳಿಗೆ ತಂದ ಲ್ಯಾಮ್ಡಾ ಸಂವೇದಕದ ವಂಶದ್ದು. ಮಿಶ್ರಣ ಸಿರಿಯಾದರೆ ಅದು ಸುಮಾರು 0.9 ವೋಲ್ಟ್ ಕೊಡುತ್ತದೆ, ಬಡವಾದರೆ 0.1. ನಡುವಿನ ಗಡಿಯಲ್ಲಿ ಥಟ್ಟನೆ ಜಿಗಿಯುತ್ತದೆ. ಗಡಿಯ ಯಾವ ಕಡೆ ಇದ್ದೀರಿ ಎಂಬುದನ್ನು ಅದು ಸತ್ಯವಾಗಿ ಹೇಳುತ್ತದೆ. ಗಡಿಯಿಂದ ಎಷ್ಟು ದೂರ ಎಂಬುದನ್ನು ನಂಬುವಂತೆ ಹೇಳಲಾರದು. ಅದಕ್ಕೆ 13 ಕೂಡ ಹಳದಿ, 11 ಕೂಡ ಹಳದಿ. 15 ಕೂಡ ಕೆಂಪು, 17 ಕೂಡ ಕೆಂಪು. ಘಟ್ಟದಲ್ಲಿ ಅದು ಸುಳ್ಳು ಹೇಳಲಿಲ್ಲ. ಬಡವು ಎಂದಿತು, ಎಷ್ಟು ಬಡವು ಎನ್ನಲಿಲ್ಲ. ಮಿಕ್ಕ ಸುಳ್ಳನ್ನು ನಾವೇ ಸೇರಿಸಿಕೊಂಡೆವು.

ಇನ್ನೊಂದು ಬಗೆಯದು ಅಗಲವ್ಯಾಪ್ತಿಯ ಸಂವೇದಕ. ಅದರೊಳಗಿನ ಪುಟ್ಟ ಕೋಶವೊಂದು ಆಮ್ಲಜನಕವನ್ನು ಒಳಕ್ಕೂ ಹೊರಕ್ಕೂ ಸಾಗಿಸುತ್ತ ಸಮತೋಲವನ್ನು ಕಾಯುತ್ತದೆ. ಆ ಕೆಲಸಕ್ಕೆ ಎಷ್ಟು ವಿದ್ಯುತ್ತು ಬೇಕಾಯಿತೆಂಬುದೇ ಅಳತೆ. ಹಾಗಾಗಿ ಅದು 'ಎಷ್ಟು' ಎಂಬುದನ್ನು ಅಂಕಿಯಲ್ಲಿ ಹೇಳಬಲ್ಲುದು. ಬೆಲೆ ಮೊದಲನೆಯದರ ಹತ್ತು ಮಡಿ. ಆದರೂ ಒಂದು ವಾಲ್ವು, ಒಂದು ಜೀಪಿನ ಬಾಡಿಗೆ, ಅಕ್ಕನ ಮೂರು ಗಂಟೆ ಇವುಗಳನ್ನು ಕೂಡಿದರೆ ಅಗ್ಗವೇ.

ಆರಿಸುವಾಗ ನಾಲ್ಕು ಸಂಗತಿಗಳನ್ನು ನೋಡಿಕೊಂಡೆವು. ಮೊದಲನೆಯದು, ಲ್ಯಾಮ್ಡಾ ಅಂಕಿಯನ್ನು ತೋರಿಸಬಲ್ಲುದೆ ಎಂಬುದು. ಬೇಕಾದ ಗಾಳಿಗೂ ಇರುವ ಗಾಳಿಗೂ ಇರುವ ಹೊಂದಿಕೆಯೇ ಲ್ಯಾಮ್ಡಾ, ಸರಿಯಾಗಿದ್ದರೆ 1. ಇದು ಈಗ ಮುಖ್ಯವಾಗಿದೆ. 2025ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲು ಬೆರೆತು, ಪೂರ್ಣ ದಹನಕ್ಕೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯಿತು. ಮಾಪಕ ಮಾತ್ರ ಹಳೆಯ ಪೆಟ್ರೋಲಿನ ಲೆಕ್ಕದಲ್ಲಿ 14.7 ಎಂದೇ ತೋರಿಸುತ್ತಿರುತ್ತದೆ. ಲ್ಯಾಮ್ಡಾ ನೋಡುವವನಿಗೆ ಈ ಗೊಂದಲವಿಲ್ಲ. ಎರಡನೆಯದು, ಸಂವೇದಕ ಸವೆಯುವ ವಸ್ತುವಾದ್ದರಿಂದ ಬದಲಿ ಸಿಗುವಂಥದಾಗಿರಬೇಕು, ಬಾಷ್ ಎಲ್.ಎಸ್.ಯು. 4.9 ಅನೇಕ ಮಾಪಕಗಳಿಗೆ ಹೊಂದುವುದರಿಂದ ಅದನ್ನೇ ಬಳಸುವ ಮಾಪಕವನ್ನು ಹುಡುಕಿದೆವು. ಮೂರನೆಯದು, ಕೂರಿಸುವ ಜಾಗ. ಸಂವೇದಕಕ್ಕೆ ಮೊದಲು ಹೊಗೆಕೊಳವೆಯಲ್ಲಿ ಎಲ್ಲಿಯಾದರೂ ಬಿರುಕಿದ್ದರೆ ಹೊರಗಿನ ಗಾಳಿ ನುಸುಳಿ ಬಡಮಿಶ್ರಣವೆಂಬ ಭ್ರಮೆ ಹುಟ್ಟುತ್ತದೆ. ನೀರು ನಿಲ್ಲದಂತೆ ಅದನ್ನು ಮೇಲ್ಮುಖವಾಗಿ ಓರೆಯಾಗಿ ಬೆಸೆಯಬೇಕು. ಎಂಜಿನು ಓಡುವಾಗ ಅದರ ಕಾವಿನ ತಂತಿಗೆ ವಿದ್ಯುತ್ತು ತಪ್ಪಬಾರದು. ನಾಲ್ಕನೆಯದು, ಅಂಕಿಗಳು ದೊಡ್ಡವಾಗಿರಬೇಕು. ನಮಗಾಗಿ ಅಲ್ಲ, ಮೇಸ್ತ್ರಿಗಳ ಕಣ್ಣಿಗಾಗಿ.

ಪರೀಕ್ಷೆಗೆ ಅವರನ್ನು ಕರೆಯಹೋದಾಗ ನಾವು ಮೊದಲು ಆಡಬೇಕಾಗಿದ್ದ ಮಾತೊಂದಿತ್ತು. "ಅವತ್ತು ನಿಮ್ಮ ಕಣ್ಣಿನ ಮಾತು ಎತ್ತಬಾರದಿತ್ತು" ಎಂದೆವು. "ಮಂಜಾಗಿರೋದು ನಿಜ ತಾನೆ, ಬಿಡಿ ಮೇಷ್ಟ್ರೆ" ಎಂದು ಅಂಗಿ ಬದಲಾಯಿಸಿ ಬಂದರು.

ಅವರು ಅಂಕಿ ಓದಿದರು, ನಾವು ಕಾರು ನಡೆಸಿದೆವು. ಹಳೆಯ ಜೆಟ್ಟನ್ನೇ ಹಾಕಿತ್ತು. ಕಲ್ಲಾರಿನ ಬುಡದಲ್ಲಿ ಪೂರ್ತಿ ಒತ್ತಿದಾಗ 13.2, ಉದಕಮಂಡಲದ ಏರಿನಲ್ಲಿ 12. ಒಂದೇ ಜೆಟ್ಟು ಎರಡು ಊರಿಗೂ ಸರಿಹೋಗದೆಂಬುದು ಅಂಕಿಯಲ್ಲಿ ಬರೆದು ಕೊಟ್ಟಂತೆ ಕಂಡಿತು. ಮೇಸ್ತ್ರಿಗಳು ಬುಡದ ಏರನ್ನು ನೋಡಿ ಜೆಟ್ಟು ಆರಿಸಿದ್ದರು, ಮೇಲಿನ ಊರಿನಲ್ಲಿ ತುಸು ಪೆಟ್ರೋಲನ್ನು ತಿಳಿದೇ ಬಿಟ್ಟುಕೊಟ್ಟಿದ್ದರು. ಆದರೆ ಬಯಲಿನಲ್ಲಿ ನಿಧಾನವಾಗಿ ಸಾಗುವಾಗಲೂ ಅಂಕಿ 13ನ್ನು ದಾಟಲಿಲ್ಲ. ಅಲ್ಲಿ ಅಷ್ಟು ಸಿರಿ ಬೇಕಿರಲಿಲ್ಲ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ನಿಮ್ಮ ತಂದೆಯವರ ದುಡ್ಡು ಸ್ವಲ್ಪ ಹೆಚ್ಚೇ ಸುರಿದೆ, ಮೇಷ್ಟ್ರೆ. ಪ್ಲಗ್ಗು ನನಗೆ ಇದನ್ನು ಹೇಳಲೇ ಇಲ್ಲ" ಎಂದರು.

ಮರುದಿನ ನಿಧಾನದ ಓಟಕ್ಕೆ ಸಂಬಂಧಿಸಿದ ಜೆಟ್ಟನ್ನು ಮಾತ್ರ ಒಂದು ಮೆಟ್ಟಿಲು ಕಿರಿದು ಮಾಡಿದರು. ದೊಡ್ಡ ಜೆಟ್ಟನ್ನು ಮುಟ್ಟಲಿಲ್ಲ, ನಾವೂ ಮುಟ್ಟಿರೆನ್ನಲಿಲ್ಲ.

ಮಾಪಕ ಕೊಳ್ಳಬೇಕೆಂದಿರುವ ಗೆಳೆಯರು ಈಗ ನಮ್ಮನ್ನು ಕೇಳುವುದುಂಟು. ಹೌದು-ಅಲ್ಲ ಎನ್ನುವುದನ್ನು ಕೊಳ್ಳಬೇಡಿ, ಎಷ್ಟು ಎಂದು ಹೇಳುವುದನ್ನು ಕೊಳ್ಳಿ ಎನ್ನುತ್ತೇವೆ. ಎಷ್ಟಿರಬೇಕು ಎಂಬುದನ್ನು ಯಾವ ಮಾಪಕವೂ ಹೇಳುವುದಿಲ್ಲ. ಅದಕ್ಕೆ ಕೇಳಬೇಕಾದವರು ಬೇರೆ ಇದ್ದಾರೆ. ಹಳೆಯ ಸಾಲುದೀಪದ ಮಾಪಕ ನಮ್ಮ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿಯೇ ಆ ಕರಗಿದ ವಾಲ್ವು. ಅಕ್ಕ ಬಂದಾಗಲೆಲ್ಲ ಅದನ್ನು ಎತ್ತಿ ನೋಡುತ್ತಾಳೆ. ಈಗ ಅವಳಿಗೆ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ.