ಕಣ್ಣು ಮೇಲೆ, ಕಾಳಗ ಕೆಳಗೆ

ಹೈದರಾಬಾದಿನ ನೆಕ್ಲೆಸ್ ರಸ್ತೆಯ ಪೀಪಲ್ಸ್ ಪ್ಲಾಜಾದಲ್ಲಿ ನರ್ಸರಿ ಮೇಳ ನಡೆದರೆ, ಮೊಳಕಾಲೆತ್ತರದ ಗಿಡದಲ್ಲೇ ಕಾಯಿ ತೂಗುವುದನ್ನು ಕಂಡು ದುಡ್ಡು ತೆಗೆಯುವವರೇ ಬಹಳ. ಇನ್ನೊಂದು ಪಂಗಡ ಚಿಕ್ಕದು. ಅವರು ಕುಕ್ಕರಗಾಲಲ್ಲಿ ಕೂತು ಕಸಿಯ ಬೆಸುಗೆ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾರೆ. ಚೀಲದ ತಳದಿಂದ ಹೊರಗಿಣುಕಿದ ಬೇರನ್ನು ಬೆರಳಲ್ಲಿ ತೀಡುತ್ತಾರೆ. ಗಂಟು ಸಿಕ್ಕಿತೋ, ಗಿಡವನ್ನು ಇದ್ದಲ್ಲೇ ಬಿಟ್ಟು ಎದ್ದುಬಿಡುತ್ತಾರೆ. ಕಸಿ ಕಟ್ಟುವ ಹುಚ್ಚು ಹತ್ತಿದವರು ಇವರು.

ಹುಚ್ಚು ಹತ್ತುವಂಥದ್ದೇ ಅದು. ಪೆನ್ಸಿಲ್ ದಪ್ಪದ ರಂಗಪುರ ನಿಂಬೆಯ ಸಸಿ, ಗೇಣೆತ್ತರದಲ್ಲಿ ತೊಗಟೆಗೆ ‘ಟಿ’ ಆಕಾರದ ಗೀರು. ರಸ ಏರುವ ಕಾಲವಾದರೆ ಚಾಕುವಿನ ಹಿಂಬದಿ ತಾಕಿಸಿದರೆ ಸಾಕು, ತೊಗಟೆ ತಾನೇ ಬಿಚ್ಚಿಕೊಳ್ಳುತ್ತದೆ. ಒಣಗಿದ ಸಸಿಯಾದರೆ ಹರಿದುಬರುತ್ತದೆ. ಆವತ್ತು ಚಾಕು ಮಡಚಿಡುವುದೇ ಜಾಣತನ. ಬಿಚ್ಚಿದ ಸಂದಿಗೆ ಸಾತ್‌ಗುಡಿ ಮೋಸಂಬಿಯ ಒಂದು ಕಣ್ಣನ್ನು, ಅಂದರೆ ಚಿಗುರುಮೊಗ್ಗನ್ನು, ಜಾರಿಸಿ, ಕಣ್ಣಿನ ತುದಿಗೆ ಬೆರಳು ತಾಗದಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಮೂರು ವಾರದ ಹೊತ್ತಿಗೆ ಪಟ್ಟಿ ಬಿಚ್ಚಿದಾಗ ಕಣ್ಣು ಹಸಿರಾಗಿದ್ದರೆ ಹತ್ತಿತು ಎಂದರ್ಥ. ಅಷ್ಟಕ್ಕೇ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸುವವರಿದ್ದಾರೆ.

ಆದರೆ ರಂಗಪುರವೇ ಯಾಕೆ? ಉತ್ತರ ನಲ್ಗೊಂಡದ ಮೋಸಂಬಿ ತೋಟಗಳಲ್ಲಿದೆ. ಜಂಬೇರಿ ನಿಂಬೆಯ ಬೇರಿನ ಮೇಲೆ ಕಟ್ಟಿದ ಗಿಡ ಬೇಗ ಬೆಳೆಯುತ್ತದೆ, ಕಾಯಿ ದಪ್ಪ. ಮಣ್ಣಿನೊಳಗೆ ಫ್ಯುಸೇರಿಯಂ ಸೊಲಾನಿ ಎಂಬ ಶಿಲೀಂಧ್ರ ಬೇರಿಗೆ ಒಣಕೊಳೆ ಹತ್ತಿಸಿದರೆ ಮಾತ್ರ, ಮೈತುಂಬ ಕಾಯಿ ಹೊತ್ತ ಮರವೇ ನಿಂತಲ್ಲೇ ಬಾಡಿಹೋಗಬಹುದು. ರಂಗಪುರ ಅದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಇನ್ನೊಂದು ಶತ್ರು ಫೈಟಾಫ್ತೊರಾ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಕ್ಷಾಮ ತಂದದ್ದೂ ಇದೇ ಕುಲದ್ದು. ಇದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಬೆಸುಗೆಯನ್ನು ಮಣ್ಣಲ್ಲಿ ಹೂಳಬಾರದು, ಪಾತಿಯ ನೀರು ಕಾಂಡಕ್ಕೆ ತಾಗದಂತೆ ಒಳಗೊಂದು ಬದು ಕಟ್ಟಬೇಕು ಎಂಬ ಹಟವೆಲ್ಲ ಈ ಈಜುಗಾರನಿಗೆ ಹೆದರಿ.

ಪೇರಲದ ಕತೆ ಇಷ್ಟು ಸುಲಭದ್ದಲ್ಲ. 1983ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಯಾವುದೋ ನೆರಳಿನ ಮರದ ಬೇರಿನಿಂದ ಗುರುತಿಸಿದ ಬೇರಿಗೆ ಗಂಟು ಕಟ್ಟಿಸುವ ಮೆಲಾಯ್ಡೊಗೈನ್ ಎಂಟರೊಲೋಬಿಯೈ ಎಂಬ ಜಂತುಹುಳು, 2010ರ ದಶಕದಲ್ಲಿ ತಮಿಳುನಾಡಿನ ಪೇರಲ ತೋಟಗಳಲ್ಲಿ ಪತ್ತೆಯಾಯಿತು. ಸೋಂಕಿನ ಸಸಿಯ ಜೊತೆ ಲಾರಿ ಹತ್ತಿ ಊರೂರು ಸುತ್ತುವ ಹುಳು ಇದು. ಸ್ಟ್ರಾಬೆರಿ ಪೇರಲದ ಬೇರು ಇದನ್ನು ತಡೆಯುತ್ತದೆ, ಆದರೆ ನಮ್ಮ ಪೇರಲದ ಕುಡಿಯೊಂದಿಗೆ ಅದರ ಬೆಸುಗೆ ಚೆನ್ನಾಗಿ ಕೂಡುವುದಿಲ್ಲ. ಒಳ್ಳೆಯ ಸಂಬಂಧ, ಜಾತಕ ಮಾತ್ರ ಕೂಡಿಬರದು!

ದ್ರಾಕ್ಷಿಯಲ್ಲಿ ಜಾತಕ ಕೂಡಿತು. ಹೈದರಾಬಾದಿನ ಹೆಮ್ಮೆಯಾದ ಅನಾಬ್-ಎ-ಶಾಹಿ ಬಳ್ಳಿಯನ್ನು ಹಿಂದೆಲ್ಲ ಕಡ್ಡಿ ನೆಟ್ಟೇ ಬೆಳೆಸುತ್ತಿದ್ದರು. ಈಗ ದಖನ್ನಿನ ದ್ರಾಕ್ಷಿ ತೋಟಗಳಲ್ಲಿ ಮಣ್ಣೊಳಗೆ ಇರುವುದು ಹೆಚ್ಚಾಗಿ ಅಮೆರಿಕದ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್. ಉಪ್ಪುನೀರು, ಬರ, ಗಂಟುಬೇರಿನ ಜಂತುಹುಳು ಮೂರನ್ನೂ ಅದು ಸಹಿಸುತ್ತದೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿಯನ್ನು ಹಾಳುಗೆಡವಿದಾಗಲೂ ಕಾಪಾಡಿದ್ದು ಅಮೆರಿಕದ ಕಾಡುಬಳ್ಳಿಗಳ ಬೇರೇ. ಅದಕ್ಕೆ ನೆರವಾದ ಟೆಕ್ಸಾಸಿನ ಟಿ. ವಿ. ಮನ್ಸನ್‌ಗೆ ಫ್ರೆಂಚ್ ಸರ್ಕಾರ 1888ರಲ್ಲಿ ಗೌರವ ಪದಕ ಕೊಟ್ಟಿತು. ಹೇನಿನ ವಿರುದ್ಧ ಗೆದ್ದವರಿಗೆ ಪದಕ ಕೊಟ್ಟ ಸರ್ಕಾರಗಳು ಅಪರೂಪ.

ತಾರಸಿಯ ಮೇಲೆ ತೋಟ ಮಾಡುವ ಹೈದರಾಬಾದಿಗರು ಇಷ್ಟು ದೂರ ಹೋಗಬೇಕಿಲ್ಲ. ಅವರ ಪಾಲಿಗೆ ಮೇ ತಿಂಗಳ ಬಿಸಿಲಿದೆ. ಹಳೆಯ ಕುಂಡಗಳ ಮಣ್ಣನ್ನು ತೆಳ್ಳಗೆ ಹರವಿ, ಚೆನ್ನಾಗಿ ನೀರು ಚಿಮುಕಿಸಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಅಂಚುಗಳನ್ನು ಬಿಗಿಯಾಗಿ ಮುಚ್ಚಿ ನಾಲ್ಕರಿಂದ ಆರು ವಾರ ಬಿಡುತ್ತಾರೆ. ಕಪ್ಪು ಹಾಳೆಗೆ ಅಷ್ಟು ಕಾವು ಹಿಡಿಯದು, ಒಣ ಮಣ್ಣಿಗೆ ಹೊದಿಸಿದರೂ ಕಾವು ಒಳಗಿಳಿಯದು. ಜಂತುಹುಳು, ಶಿಲೀಂಧ್ರ, ಕಳೆಬೀಜ ಎಲ್ಲ ಬಹುಮಟ್ಟಿಗೆ ಬೆಂದುಹೋಗುತ್ತವೆ. ಒಳ್ಳೆಯ ಜೀವಿಗಳೂ ಒಂದಷ್ಟು ಸಾಯುತ್ತವಲ್ಲ. ಅದಕ್ಕೇ ಹಾಳೆ ತೆಗೆದ ಮೇಲೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೂಡಿಸಿ, ಜೂನ್ ಮಳೆಗೆ ಹೊಸ ರಂಗಪುರದ ಬೀಜ ಊರುತ್ತಾರೆ.