ರಾಕ್ಷಸರು ಯಾರು? ಶ್ರೇಣಿಕನ ಸಂಶಯವೂ ದಾಳದ ಆಟವೂ

1977ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಗ್ರಂಥವು ವಿಚಿತ್ರ ಜೀವಿಗಳ ಒಂದು ಅಕಾರಾದಿ ಕೋಶ. ಅದರ ಒಂದೆಡೆ ಹುಲಿಮುಖದ ಪುರುಷನೊಬ್ಬ ನಿಲುವಂಗಿ ತೊಟ್ಟು, ಹೊಗೆಸೊಪ್ಪಿನ ಪೈಪು ಹಿಡಿದು, ನೆಮ್ಮದಿಯಾಗಿ ಕುಳಿತಿದ್ದಾನೆ. ಬಿಡಿಸಿದವರು ಡೇವಿಡ್ ಟ್ರಾಂಪಿಯರ್. ಆ ಆಕೃತಿಗೆ ಕೊಟ್ಟ ಹೆಸರು ‘ರಾಕ್ಷಸ’. ವಿವರಣೆಯಲ್ಲಿ ಅವನ ಶಕ್ತಿ, ಮಾಯೆ, ಅವನನ್ನು ಕೊಲ್ಲುವ ಉಪಾಯ ಎಲ್ಲವೂ ಉಂಟು. ಸ್ವಭಾವದ ಕಲಮಿನಲ್ಲಿ ದುಷ್ಟನೆಂದು ಮೊದಲೇ ಬರೆದಿದೆ. ರಾಮಕಥೆಯನ್ನು ಒಂದಕ್ಕಿಂತ ಹೆಚ್ಚು ಪಾಠಗಳಲ್ಲಿ ಓದಿಕೊಂಡ ಕನ್ನಡದ ಓದುಗನು ಈ ಕಲಮಿನ ಮುಂದೆ ಕ್ಷಣಕಾಲ ನಿಲ್ಲಲೇಬೇಕು.

ಆ ಗ್ರಂಥವು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಕೈಪಿಡಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಪ್ರಕಟವಾದುದು 1974ರಲ್ಲಿ. ಮೇಜಿನ ಸುತ್ತ ಕೆಲವರು ಕೂಡುತ್ತಾರೆ. ಒಬ್ಬನು ಸೂತ್ರಧಾರನಾಗಿ ಲೋಕವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ತಮ್ಮ ಪಾತ್ರ ಈಗ ಏನು ಮಾಡುತ್ತದೆಂದು ಹೇಳುತ್ತಾರೆ. ಫಲವು ಸಂದಿಗ್ಧವಾದಾಗ ಇಪ್ಪತ್ತು ಮುಖಗಳ ದಾಳ ಉರುಳುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಇಂಥ ಕಥಾಸರಣಿಗೆ ‘ಕ್ಯಾಂಪೇನ್’ ಎಂದು ಹೆಸರು. ಕಥೆ ಎತ್ತ ಸಾಗಬೇಕೆಂಬುದನ್ನು ಯಾವ ಗ್ರಂಥವೂ ಪೂರ್ತಿಯಾಗಿ ನಿರ್ಧರಿಸಿರುವುದಿಲ್ಲ. ದಾಳ ನಿರ್ಣಯಿಸುವುದು ಯತ್ನದ ಫಲವನ್ನು ಮಾತ್ರ. ಯತ್ನವನ್ನು ಆರಿಸುವವನು ಆಟಗಾರನೇ.

ಈ ಆಟ ಲೋಕದ ಪುರಾಣಗಳನ್ನು ಧಾರಾಳವಾಗಿ ಕಡ ತಂದಿದೆ. ಬ್ಯಾಬಿಲೋನಿನ ಸೃಷ್ಟಿಕಥೆಯ ಆದಿಸಮುದ್ರರೂಪಿಣಿ ತಿಯಾಮತ್ ಇಲ್ಲಿ ಐದು ತಲೆಯ ಡ್ರ್ಯಾಗನ್ ಆದಳು. 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಗ್ರಂಥದಲ್ಲಿ ಭಾರತದ ದೇವತೆಗಳಿಗೂ ಪ್ರಾಣಬಲದ ಅಂಕಗಳು ದೊರೆತವು. ಅಂಕ ಬಂದ ಮೇಲೆ ಸಂಕೇತವು ಅಳತೆಯ ವಸ್ತುವಾಗುತ್ತದೆ. ಅಳೆಯಲು ಬಂದುದನ್ನು ಕೊಲ್ಲಲೂ ಬರುತ್ತದೆ. ರಾಕ್ಷಸನ ಪಾಡೂ ಇದೇ. ವಾಲ್ಮೀಕಿಯ ಮಾರೀಚ ಹೊನ್ನಿನ ಜಿಂಕೆಯಾದ, ರಾವಣ ಭಿಕ್ಷುವೇಷ ತಳೆದ. ಆ ಕಾಮರೂಪ ಆಟದಲ್ಲಿ ಉಳಿದುಕೊಂಡಿದೆ. ಆದರೆ ಅದೇ ಲಂಕೆಯ ವಿಭೀಷಣ, ಅಶೋಕವನದಲ್ಲಿ ಸೀತೆಗೆ ಧೈರ್ಯ ತುಂಬಿದ ತ್ರಿಜಟೆ, ಇವರಿಗೆ ಆ ಕಲಮಿನಲ್ಲಿ ಸ್ಥಳವಿಲ್ಲ. ವಾಲ್ಮೀಕಿಯೇ ತೆರೆದಿಟ್ಟ ಬಾಗಿಲನ್ನು ಕೋಶಕಾರನು ಮುಚ್ಚಿದನು.

ಮುಚ್ಚಿದ ಬಾಗಿಲು ಆಟದ ನಡುವೆಯೇ ಅಲುಗಾಡುವುದುಂಟು. ಗೈಗ್ಯಾಕ್ಸ್ ಬರೆದ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಹೊಸಬರಿಗಾಗಿ ಸಿದ್ಧವಾದ ಸಾಹಸಪ್ರಸಂಗ. ನಾಗರಿಕತೆಯ ಗಡಿಯಲ್ಲೊಂದು ಕೋಟೆ. ಆಚೆ ಕಣಿವೆಯ ಗುಹೆಗಳಲ್ಲಿ ಗಾಬ್ಲಿನ್, ಆರ್ಕ್ ಮೊದಲಾದ ವಿಕಾರಜಾತಿಗಳು. ಹೊಕ್ಕು ಕೊಂದು ಸಂಪತ್ತು ತಂದವರಿಗೆ ಅನುಭವದ ಅಂಕಗಳು ಏರುತ್ತವೆ. ಆದರೆ ಅದೇ ಪ್ರಸಂಗದ ಗುಹೆಗಳ ವಿವರದಲ್ಲಿ ಯೋಧರ ಲೆಕ್ಕದ ಜೊತೆಗೆ ಕಾಳಗಕ್ಕೆ ಬಾರದ ಹೆಂಗಸರ, ಮಕ್ಕಳ ಲೆಕ್ಕವೂ ಬರುತ್ತದೆ. ಯೋಧರೆಲ್ಲ ಬಿದ್ದ ಮೇಲೆ, ಮೂಲೆಯಲ್ಲಿ ಮುದುಡಿದ ಆ ಮಕ್ಕಳನ್ನು ಏನು ಮಾಡಬೇಕು? ಹುಟ್ಟಿನಿಂದಲೇ ದುಷ್ಟರೆಂದು ಕೋಶ ಹೇಳುತ್ತದೆ, ಕೈ ಮೇಲೇಳುವುದಿಲ್ಲ. ಎಷ್ಟೋ ಮೇಜುಗಳ ಸುತ್ತ ತಾಸುಗಟ್ಟಲೆ ವಾದ ಹುಟ್ಟಿಸಿದ ಪ್ರಶ್ನೆ ಇದು. ಅಲ್ಲಿಯವರೆಗೆ ಆಟಗಾರನು ಆಯುಧವನ್ನು, ದಾರಿಯನ್ನು ಆರಿಸುತ್ತಿದ್ದ. ಇಲ್ಲಿ ಮೊದಲ ಬಾರಿಗೆ ಅವನು ಅರ್ಥವನ್ನು ಆರಿಸಬೇಕಾಗುತ್ತದೆ.

ಈ ಪ್ರಶ್ನೆಗೆ ಜೈನ ಸಾಹಿತ್ಯದಲ್ಲಿ ಬಹು ಪ್ರಾಚೀನವಾದ ರೂಪವೊಂದಿದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಮಗಧರಾಜ ಶ್ರೇಣಿಕನಿಗೆ ಲೋಕರೂಢಿಯ ರಾಮಕಥೆಯಲ್ಲಿ ಸಂಶಯ ಮೂಡುತ್ತದೆ. ರಾಕ್ಷಸರು ನಿಜವಾಗಿ ಮಾಂಸಭಕ್ಷಕರೇ? ಕುಂಭಕರ್ಣ ಆರು ತಿಂಗಳು ನಿದ್ರಿಸಿದನೇ? ಬಲಾಢ್ಯರಾದ ರಾಕ್ಷಸರನ್ನು ಕಪಿಗಳು ಗೆದ್ದುದು ಹೇಗೆ? ಅವನು ಗೌತಮ ಗಣಧರರನ್ನು ಕೇಳುತ್ತಾನೆ. ಅವರ ಉತ್ತರವೇ ಕಾವ್ಯ. ರಾಕ್ಷಸರೆಂದರೆ ವಿದ್ಯಾಧರರ ಒಂದು ವಂಶ. ವಾನರರೆಂದರೆ ಧ್ವಜದಲ್ಲಿ ಕಪಿಯ ಚಿಹ್ನೆಯುಳ್ಳ ಇನ್ನೊಂದು ವಂಶ. ದಶಮುಖನಿಗಿದ್ದುದು ಒಂದೇ ತಲೆ. ಕೊರಳ ಹಾರದ ರತ್ನಗಳಲ್ಲಿ ಮುಖವು ಒಂಬತ್ತಾಗಿ ಪ್ರತಿಬಿಂಬಿಸಿತಾದ್ದರಿಂದ ಆ ಹೆಸರು. ಇಲ್ಲಿ ‘ರಾಕ್ಷಸ’ ಎಂಬುದು ಕುಲನಾಮ, ಸ್ವಭಾವದ ತೀರ್ಪಲ್ಲ.

ಈ ಪರಂಪರೆಯನ್ನು ಕನ್ನಡಕ್ಕೆ ತಂದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನು ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹೊತ್ತವನು. ಸೀತೆಯ ಸಂಕಟವನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಕೆಡಿಸುತ್ತದೆ. ಒಳಿತನ್ನು ಅರಿತು, ಅದರ ಹೊಸ್ತಿಲವರೆಗೆ ಬಂದು, ತಾನೇ ಹಿಂದಿರುಗಿದವನ ದುರಂತ ಇದು. ದುಷ್ಟನೆಂಬ ಮುದ್ರೆ ಮೊದಲೇ ಬಿದ್ದಿದ್ದರೆ ಇಲ್ಲಿ ದುರಂತವೇ ಇರುತ್ತಿರಲಿಲ್ಲ. ಆಯ್ಕೆಯಿಲ್ಲದವನಿಗೆ ಪತನವೂ ಇಲ್ಲ.

ಹಾಗೆಂದು ಜೈನಕವಿಗಳು ರಾವಣನನ್ನು ನಿರ್ದೋಷಿಯಾಗಿಸಲಿಲ್ಲ. ಅವನು ನರಕಕ್ಕೆ ಹೋದನು. ಚಕ್ರದಿಂದ ಅವನನ್ನು ಕೊಂದ ಲಕ್ಷ್ಮಣನೂ ನರಕಕ್ಕೆ ಹೋದನೆಂಬುದನ್ನು ಇದರ ಜೊತೆಯಲ್ಲೇ ಓದಬೇಕು. ಆ ವಧೆಯನ್ನು ಮಾಡದ ರಾಮನಿಗೆ ದೀಕ್ಷೆ, ತಪಸ್ಸು, ಮೋಕ್ಷ. ಪಾಪದ ಭಾರವನ್ನು ಕುಲದಿಂದ ಎತ್ತಿ ಕರ್ಮದ ಮೇಲಿಟ್ಟಾಗ, ಅದು ವೈರಿಯ ಮೇಲೆ ಮಾತ್ರ ಬೀಳುವುದಿಲ್ಲ. ಗೆದ್ದವನ ಮೇಲೂ ಬೀಳುತ್ತದೆ.

ಇದೆಲ್ಲ ಕೇವಲ ಆಟ, ಕೊಂದದ್ದು ಕಾಗದದ ಮೇಲಿನ ಅಂಕವನ್ನು ಮಾತ್ರ ಎಂಬ ಆಕ್ಷೇಪ ಸಹಜ. ಜನ್ನನ ‘ಯಶೋಧರಚರಿತೆ’ಯಲ್ಲಿ ಯಶೋಧರನೂ ಹಾಗೆಯೇ ಭಾವಿಸಿದ್ದನು. ತಾಯಿಯ ಒತ್ತಾಯಕ್ಕೂ ಅಹಿಂಸೆಗೂ ನಡುವೆ ದಾರಿ ಹುಡುಕಿ ಅವನು ದೇವಿಗೆ ಬಲಿಯಿತ್ತುದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆ ತಾಯಿ ಮಗನನ್ನು ಭವಭವಗಳಲ್ಲಿ ಅಲೆಸಿತು. ಆದರೆ ಈ ಹೋಲಿಕೆಯನ್ನು ಅವಸರದಿಂದ ಅನ್ವಯಿಸಲಾಗದು. ಯಶೋಧರನು ಆಡುತ್ತಿರಲಿಲ್ಲ, ಕೊಲೆಯ ಫಲವನ್ನು ಬಯಸಿ ಕೊಲೆಯ ಹೆಸರನ್ನಷ್ಟೇ ತಪ್ಪಿಸಿಕೊಂಡನು. ರಾವಣನ ಅರ್ಥ ಹೇಳುವ ತಾಳಮದ್ದಳೆಯ ಅರ್ಥಧಾರಿ ಅಪಹರಣದ ಪಾಪಕ್ಕೆ ಭಾಗಿಯಲ್ಲ. ಅವನು ವಾದದಲ್ಲಿ ರಾಮನನ್ನು ಸೋಲಿಸಬಹುದು, ಪ್ರಸಂಗದ ಅಂತ್ಯವನ್ನು ಬದಲಿಸಲಾರ. ಕಥೆಯ ಹೊಣೆ ಅವನದಲ್ಲ. ಮೇಜಿನ ಮುಂದಿನ ಆಟಗಾರನು ಯಶೋಧರನಲ್ಲ, ಅರ್ಥಧಾರಿಯೂ ಅಲ್ಲ. ಅವನು ಫಲವನ್ನು ಬಯಸುವುದು ಕಲ್ಪನೆಯೊಳಗೆ. ಆದರೆ ಅಂತ್ಯವನ್ನು ಆರಿಸುವವನು ಅವನೇ. ಆದ್ದರಿಂದ ಅವನ ಆಯ್ಕೆ ಪಾಪವಾಗದಿದ್ದರೂ ಭಾವದ ಕನ್ನಡಿಯಾಗಿ ಉಳಿಯುತ್ತದೆ. ಗುಹೆಯ ಮಕ್ಕಳನ್ನು ಕುರಿತು ಅವನು ಏನು ಹೇಳಿದನೋ, ಅದನ್ನು ಹೇಳಿದವನು ಅವನೇ.

2020ರಲ್ಲಿ ಈ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್, ಆರ್ಕ್ ಮತ್ತು ಡ್ರೌ ಜನಾಂಗಗಳನ್ನು ಮನುಷ್ಯರಂತೆಯೇ ನೈತಿಕ ಸಂಕೀರ್ಣತೆಯುಳ್ಳವರಾಗಿ ಚಿತ್ರಿಸುವುದಾಗಿ ಪ್ರಕಟಿಸಿದರು. ಹುಟ್ಟಿನಿಂದ ದುಷ್ಟವಾದ ಜಾತಿಯೆಂಬ ಕಲ್ಪನೆಯಲ್ಲಿ ನಿಜಲೋಕದ ವರ್ಣದ್ವೇಷದ ನೆರಳಿದೆಯೆಂಬ ಟೀಕೆ ಇದರ ಹಿಂದಿತ್ತು. ಇದರಿಂದ ಪುರಾಣದ ಕಾವು ಆರಿಹೋಗುತ್ತದೆಂದು ಹಳೆಯ ಆಟಗಾರರಲ್ಲಿ ಹಲವರು ಕೊರಗಿದರು. ಆ ಕೊರಗಿನಲ್ಲಿ ಹುರುಳಿಲ್ಲದೆ ಇಲ್ಲ. ಭಯ, ಲೋಭ, ಮಾಯೆಗಳಿಗೆ ಒಂದು ಮುಖ ಬೇಕು. ಆ ಮುಖವನ್ನು ಕೊಡುವುದು ಪುರಾಣದ ಕೆಲಸ. ಎಲ್ಲ ರಾಕ್ಷಸರನ್ನೂ ಸಾಧುಗಳಾಗಿಸಿದರೆ ಉಳಿಯುವುದು ಸಪ್ಪೆ ಕಥೆ.

ಆದರೆ ನಾಗಚಂದ್ರನ ರಾವಣ ಸಪ್ಪೆಯಾಗಿಲ್ಲ. ಹತ್ತು ತಲೆ ಹೋದರೂ ಅವನ ಎತ್ತರ ತಗ್ಗಲಿಲ್ಲ. ದುಷ್ಟತನ ಕುಲದ ಹಣೆಬರಹವಾಗಿದ್ದಾಗ ಅವನು ಕೊಲ್ಲಬೇಕಾದ ವಸ್ತುವಾಗಿದ್ದ. ಅದು ಒಂದು ಅಭಿಮಾನದ ಕ್ಷಣವಾದಾಗ ಓದುಗನೇ ಆ ಕ್ಷಣದಲ್ಲಿ ನಿಲ್ಲಬೇಕಾಯಿತು. ಸಂಕೇತ ಅಳಿಯಲಿಲ್ಲ, ಹೊರಗಿದ್ದುದು ಒಳಗೆ ಬಂತು.

ಶ್ರೇಣಿಕನು ಕಥೆಯನ್ನು ತಿರಸ್ಕರಿಸಲಿಲ್ಲ, ಕೇಳಿದ್ದನ್ನು ಹಾಗೆಯೇ ನಂಬಲೂ ಇಲ್ಲ. ತಿಳಿದವರ ಬಳಿಗೆ ಹೋಗಿ, ಅವರು ಯಾರು, ನಿಜವಾಗಿಯೂ ಹಾಗಿದ್ದರೇ ಎಂದು ಕೇಳಿದನು. ಗುಹೆಯ ಬಾಗಿಲಲ್ಲಿ ನಿಂತ ಆಟಗಾರನಿಗೂ ಆ ಪ್ರಶ್ನೆಯನ್ನು ಕೇಳುವ ಅವಕಾಶವಿದೆ. ಅದಕ್ಕೆ ದಾಳ ಉರುಳಬೇಕಾಗಿಲ್ಲ.